ಐದು ಗಾಡಿಗೆ ಒಂದೇ ಆಯಿಲ್

ಗಾಡಿಗಳ ವಿಷಯದಲ್ಲಿ ಅಂಬಣ್ಣನಿಗೆ ಯಾರೂ ಬುದ್ಧಿ ಹೇಳುತ್ತಿರಲಿಲ್ಲ. ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ. ಶಹಾಪುರದ ಕಡೆಯಿಂದ ಬೆಂಗಳೂರಿಗೆ ಬಂದು ಮೂವತ್ತು ವರ್ಷವಾಗಿತ್ತು. ಮೊದಲ ಹತ್ತು ವರ್ಷ ಗ್ಯಾರೇಜಿನಲ್ಲಿ, ಆಮೇಲೆ ಲಾರಿಯ ಮೇಲೆ, ಕೊನೆಗೆ ಕಲ್ಯಾಣ ನಗರದ ಈ ಚಿಕ್ಕ ಸಂಸ್ಥೆಯಲ್ಲಿ. "ಇನ್ನು ಮನೆಗೆ ಕರ್ಕೊಂಡು ಹೋಗಿ" ಎಂದು ಆಸ್ಪತ್ರೆಯವರು ಕೈಬಿಟ್ಟ ರೋಗಿಗಳನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ಸಂಸ್ಥೆ ಅದು. ನರ್ಸುಗಳು ದಿನವೂ ಮನೆಮನೆಗೆ ಹೋಗಿ ಗಾಯ ತೊಳೆದು, ಮಗ್ಗುಲು ಬದಲಿಸಿ, ನೋವಿಗೆ ಮದ್ದು ಕೊಟ್ಟು ಬರುತ್ತಿದ್ದರು. ಗುಣ ಮಾಡುತ್ತೇವೆಂಬ ಮಾತನ್ನು ಅಲ್ಲಿ ಯಾರೂ ಆಡುತ್ತಿರಲಿಲ್ಲ. ಹೋಗುವವರು ನರಳದೆ ಹೋಗಲಿ ಎನ್ನುವುದಷ್ಟೇ ಅವರ ಕೆಲಸ.

ಸಂಸ್ಥೆಗೆ ಐದು ಗಾಡಿಗಳಿದ್ದವು: ಒಂದು ಹಳೆಯ ವ್ಯಾನು, ಒಂದು ಹೊಸ ವ್ಯಾನು, ಎರಡು ಸ್ಕೂಟರು, ಒಂದು ಗೇರಿನ ಬೈಕು. ಬೈಕು ಯಾರೋ ದಾನವಾಗಿ ಕೊಟ್ಟದ್ದು. ನರ್ಸುಗಳಲ್ಲಿ ಅದನ್ನು ಓಡಿಸಲು ಬರುತ್ತಿದ್ದುದು ಹಂಸ ಎಂಬುವಳಿಗೆ ಮಾತ್ರ. ಅಣ್ಣನ ಬೈಕಿನಲ್ಲಿ ಹದಿನೆಂಟರ ವಯಸ್ಸಿಗೇ ಕಲಿತಿದ್ದಳಂತೆ. ಐದೂ ಗಾಡಿಗಳ ಹೊಣೆ ಅಂಬಣ್ಣನದು. ವ್ಯಾನು ಓಡಿಸುವುದರ ಜೊತೆಗೆ ಚಕ್ರ, ಬ್ರೇಕು, ಬ್ಯಾಟರಿ, ಆಯಿಲ್ ಎಲ್ಲವನ್ನೂ ಅವನೇ ನೋಡಿಕೊಳ್ಳುತ್ತಿದ್ದ.

ಶೆಡ್ಡಿನ ಶೆಲ್ಫಿನಲ್ಲಿ ಏಳೆಂಟು ಆಯಿಲ್ ಕ್ಯಾನುಗಳು ಸಾಲಾಗಿ ನಿಂತಿರುತ್ತಿದ್ದವು. ಎಲ್ಲದರ ಮೇಲೂ ಇಂಗ್ಲಿಷ್ ಅಕ್ಷರ. ಅಂಬಣ್ಣನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕ್ಯಾನಿನ ಬಣ್ಣ ನೋಡಿ, ಮುಚ್ಚಳ ತೆಗೆದು ಮೂಸಿ, ಎರಡು ಬೆರಳಲ್ಲಿ ಉಜ್ಜಿ ಯಾವುದು ಎಂದು ಹೇಳುತ್ತಿದ್ದ. ಅಕ್ಟೋಬರಿನಲ್ಲಿ ಅವನು ಎರಡು ದಿನ ರಜೆ ಹಾಕಿದ್ದಾಗ ಹೊಸ ಡ್ರೈವರೊಬ್ಬ ಗೇರ್ ಬಾಕ್ಸಿನ ಆಯಿಲನ್ನು ಇಂಜಿನ್ನಿಗೆ ಸುರಿಯಲು ಹೊರಟಿದ್ದನಂತೆ. ಯಾರೋ ನೋಡಿ ತಡೆದರು. ವಾಪಸು ಬಂದ ಮೇಲೆ ಅಂಬಣ್ಣನಿಗೆ ಈ ಸುದ್ದಿ ತಿಳಿಯಿತು. ಆ ವ್ಯಾನು ದಾರಿಯಲ್ಲಿ ನಿಂತಿದ್ದರೆ? ಒಳಗೆ ರೋಗಿ ಇದ್ದಿದ್ದರೆ? ಇನ್ನು ಶೆಡ್ಡಿನಲ್ಲಿ ಇಂಜಿನ್ನಿನ ಆಯಿಲ್ ಅಂತ ಒಂದೇ ಇರಬೇಕು, ಐದೂ ಗಾಡಿಗೆ ಅದೇ, ಆಗ ತಪ್ಪಾಗುವ ಮಾತೇ ಇಲ್ಲ ಎಂದು ನಿಶ್ಚಯಿಸಿದ.

ಆಯಿಲ್ ತರುತ್ತಿದ್ದುದು ಶಿವಾಜಿನಗರದಿಂದ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯೊಂದರಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ. ಅಂಗಡಿಯ ಯಜಮಾನರಿಗೆ ಲಕ್ವ ಹೊಡೆದ ಮೇಲೆ ಅವರ ಮಗಳು ಫಹ್ಮಿದಾ ಕೂರುತ್ತಿದ್ದಳು. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು.

"ಐದು ಗಾಡಿಗೆ ಒಂದೇ ಆಯಿಲ್ ಬೇಕು ಬೇಟಿ. ಒಳ್ಳೇದು ಕೊಡು," ಎಂದ ಅಂಬಣ್ಣ.

"ಯಾವ ಯಾವ ಗಾಡಿ ಅಂಕಲ್?"

ಹೇಳಿದ. ಅವಳು ತಲೆಯಾಡಿಸಿದಳು. "ಕಾರಿಂದು ಬೈಕಿಗೆ ಹಾಕ್ಬೇಡಿ. ಬೈಕಲ್ಲಿ ಕ್ಲಚ್ ಪ್ಲೇಟೂ ಅದೇ ಆಯಿಲಲ್ಲೇ ಮುಳುಗಿರುತ್ತಲ್ವಾ? ಕಾರಿನ ಆಯಿಲಲ್ಲಿ ಜಾರೋ ಮದ್ದು ಸೇರಿಸಿರ್ತಾರೆ. ಪ್ಲೇಟ್ ಹಿಡಿಯಲ್ಲ, ಸ್ಲಿಪ್ ಆಗುತ್ತೆ."

ಅಂಗಡಿಯ ಮುಂದೆ ಇನ್ನೂ ಇಬ್ಬರು ಮೆಕ್ಯಾನಿಕ್‌ಗಳು ನಿಂತಿದ್ದರು. ಅವರ ಎದುರು ಒಂದು ಹುಡುಗಿ ತನಗೆ ಕ್ಲಚ್ಚಿನ ಪಾಠ ಹೇಳಿದ್ದು ಅಂಬಣ್ಣನಿಗೆ ಹಿಡಿಸಲಿಲ್ಲ.

"ನೀ ಹುಟ್ಟೋಕ್ ಮೊದ್ಲಿಂದ ನಾ ಇಂಜಿನ್ ಬಿಚ್ಚಾಕತ್ತೀನವ್ವ," ಎಂದು ನಕ್ಕ. "ಕಾರಿಗೆ ಹಾಕೋದಂದ್ರ ಬೈಕಿಗಿಂತ ಭಾರಿ ಮಾಲಲ್ಲೇನು? ದೊಡ್ಡದಕ್ಕ ಆಗಿದ್ದು ಸಣ್ಣದಕ್ಕ ಆಗಂಗಿಲ್ಲೇನು? ಕೊಡು ಕೊಡು."

ಫಹ್ಮಿದಾ ಶೆಲ್ಫಿನ ಕಡೆ ತಿರುಗಿದಳು. ಹೊಸ ವ್ಯಾನಿಗೆ ಹಾಕುವ ತೆಳ್ಳನೆಯ, ದುಬಾರಿ ಆಯಿಲನ್ನೇ ತೆಗೆದು ಕೊಟ್ಟಳು.

ಮೊದಲು ವ್ಯಾನುಗಳಿಗೆ, ಆಮೇಲೆ ಸ್ಕೂಟರುಗಳಿಗೆ ಹಾಕಿದ. ಒಂದು ತಿಂಗಳು ನೋಡಿದ. ಎಲ್ಲವೂ ಬೆಣ್ಣೆಯಂತೆ ಓಡಿದವು. ಸ್ಕೂಟರಿನ ಕ್ಲಚ್ಚು ಆಯಿಲಿನಿಂದ ದೂರ, ಬೇರೆ ಡಬ್ಬಿಯಲ್ಲಿರುತ್ತದೆ. ಅದಕ್ಕೇ ತೊಂದರೆಯಾಗಲಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ತಾನೇ ಗೆದ್ದೆ ಅಂದುಕೊಂಡ. ಡಿಸೆಂಬರಿನ ಮೊದಲ ವಾರ ಬೈಕಿನ ಹಳೆಯ ಆಯಿಲ್ ಇಳಿಸಿ ಅದನ್ನೇ ತುಂಬಿದ. ಉಳಿದ ಕ್ಯಾನುಗಳನ್ನು ಗುಜರಿಯವನಿಗೆ ಕೊಟ್ಟು ಶೆಲ್ಫು ಖಾಲಿ ಮಾಡಿದ.

ಎಂಟು ದಿನದ ಮೇಲೆ ಹಂಸ ಹೇಳಿದಳು: "ಅಣ್ಣ, ಬೈಕು ಯಾಕೋ ಎಳೀತಾ ಇಲ್ಲ. ಆಕ್ಸಿಲರೇಟರ್ ತಿರುವಿದ್ರೆ ಸದ್ದು ಬರುತ್ತೆ, ಓಟ ಬರಲ್ಲ."

ಅಂಬಣ್ಣ ಬೈಕನ್ನು ಶೆಡ್ಡಿನ ಮುಂದೆಯೇ ಒಂದು ಸುತ್ತು ಓಡಿಸಿದ. ಚಪ್ಪಟೆ ನೆಲ. ಏನೂ ಕಾಣಲಿಲ್ಲ.

"ನೀ ಅರ್ಧ ಕ್ಲಚ್ ಹಿಡಿದು ಓಡಿಸ್ತಿರಬೇಕು ಹಂಸವ್ವ. ಬೆರಳು ಪೂರ್ತಿ ಬಿಡು, ಸರಿಹೋಗ್ತದ."

"ಹೌದಾ? ಟ್ರಾಫಿಕ್ಕಲ್ಲಿ ಗೊತ್ತಾಗ್ದೇ ಹಿಡೀತೀನೇನೋ," ಎಂದು ಅವಳು ಒಪ್ಪಿಕೊಂಡಳು.

ಅದಾಗಿ ನಾಲ್ಕನೆಯ ದಿನ, ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆಗೆ ಕೆ.ಆರ್. ಪುರದ ಆಚೆಯ ಹಳ್ಳಿಯೊಂದರಿಂದ ಫೋನ್ ಬಂತು. ಮುನಿಆಂಜನಪ್ಪ ಎಂಬ ಎಪ್ಪತ್ತೆರಡರ ರೈತ, ಹೊಟ್ಟೆಯ ಕ್ಯಾನ್ಸರು. ರಾಗಿ, ಸೊಪ್ಪು ಬೆಳೆಯುತ್ತಿದ್ದ ಹೊಲ ಈಗ ಮನೆ ಸೈಟುಗಳಾಗಿದ್ದರೂ ಆತ ಬೆಳಗಾದರೆ ಕೋಲೂರಿಕೊಂಡು ಆ ಬೀದಿಗಳಲ್ಲೇ ಒಂದು ಸುತ್ತು ಹಾಕಿ ಬರುತ್ತಿದ್ದ ಮನುಷ್ಯ. ಎರಡು ತಿಂಗಳಿಂದ ಮಂಚ ಹಿಡಿದಿದ್ದ. ಹಿಂದಿನ ರಾತ್ರಿಯಿಂದ ನೋವಿನ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ವಾಂತಿಯಾಗುತ್ತಿದೆ ಎಂದು ಹೆಂಡತಿ ಅಕ್ಕಯಮ್ಮ ಹೇಳಿದಳು. ಇನ್ನು ಇಂಜೆಕ್ಷನ್ನೇ ಗತಿ. ಡಾಕ್ಟರ ಒಪ್ಪಿಗೆ ಪಡೆದು, ಮದ್ದಿನ ಬ್ಯಾಗು ಹೆಗಲಿಗೇರಿಸಿ ಹಂಸ ಹೊರಟಳು. "ಮುಕ್ಕಾಲು ಗಂಟೆಲಿ ಅಲ್ಲಿರ್ತೀನಿ ಅಜ್ಜಿ," ಎಂದು ಫೋನಿನಲ್ಲಿ ಹೇಳಿದಳು.

ಟಿನ್ ಫ್ಯಾಕ್ಟರಿಯವರೆಗೆ ಬೈಕು ಹೇಗೋ ಓಡಿತು. ಕೆ.ಆರ್. ಪುರದ ತೂಗುಸೇತುವೆಯ ಏರಿನಲ್ಲಿ ಇಂಜಿನ್ನು ಕಿರುಚಿಕೊಂಡಿತೇ ಹೊರತು ಗಾಡಿ ಮುಂದೆ ಸರಿಯಲಿಲ್ಲ. ಸುಟ್ಟ ವಾಸನೆ ಬಂತು. ಹಿಂದಿನಿಂದ ಬಸ್ಸುಗಳು ಹಾರನ್ ಹೊಡೆದವು. ಹಂಸ ಇಳಿದು ಬೈಕನ್ನು ತಡೆಗೋಡೆಯ ಪಕ್ಕಕ್ಕೆ ದೂಡಿದಳು. ಆ ಸೇತುವೆಯ ಮೇಲೆ ಯಾವ ಆಟೋ ನಿಲ್ಲುತ್ತದೆ? ಫೋನಿನಲ್ಲಿ ಬುಕ್ ಮಾಡಿದರೆ ಒಬ್ಬರ ಹಿಂದೊಬ್ಬರು ರದ್ದು ಮಾಡಿದರು. ಅಂಬಣ್ಣನಿಗೆ ಫೋನ್ ಮಾಡಿದಳು. ಅವನು ಹಳೆಯ ವ್ಯಾನಿನಲ್ಲಿ ರೋಗಿಯೊಬ್ಬರನ್ನು ಕರೆದುಕೊಂಡು ಶಿವಾಜಿನಗರದ ಆಸ್ಪತ್ರೆಗೆ ಹೋಗಿದ್ದ.

"ಬಂದೆ ಹಂಸವ್ವ, ಅಲ್ಲೇ ಇರು," ಎಂದ. ಹಲಸೂರು ದಾಟುವುದರೊಳಗೇ ಅರ್ಧ ಗಂಟೆಯಾಯಿತು.

ಹಂಸ ಕಾಯಲಿಲ್ಲ. ಬೈಕನ್ನು ಅಲ್ಲೇ ಬಿಟ್ಟು ಬ್ಯಾಗು ಹೊತ್ತುಕೊಂಡು ಸೇತುವೆಯನ್ನು ನಡೆದೇ ದಾಟಿದಳು. ಆಚೆ ಬದಿಯಲ್ಲಿ ಆಟೋ ಸಿಕ್ಕಿತು. ಮಾರುಕಟ್ಟೆಯ ಹತ್ತಿರ ಅದೂ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಆ ಮನೆಯ ಬಾಗಿಲು ತಲುಪುವ ಹೊತ್ತಿಗೆ, ಹೇಳಿದ ಸಮಯಕ್ಕಿಂತ ಒಂದು ಗಂಟೆ ಹತ್ತು ನಿಮಿಷ ಹೆಚ್ಚಾಗಿತ್ತು.

ಆ ಒಂದು ಗಂಟೆ ಹತ್ತು ನಿಮಿಷದಲ್ಲಿ ಏನಾಯಿತು ಎಂಬುದನ್ನು ಹಂಸಳೇ ಆಮೇಲೆ ಹೇಳಿದಳು. ಮುನಿಆಂಜನಪ್ಪನ ಮಗಳು ಸುಕನ್ಯ ಆ ಬೆಳಿಗ್ಗೆ ತಾನೇ ಮಾಲೂರಿನಿಂದ ಬಂದಿದ್ದಳು. ಎರಡು ದಿನದಿಂದ ಅಪ್ಪ "ಸುಕನ್ಯ ಬಂದ್ಲಾ?" ಎಂದು ಕೇಳುತ್ತಲೇ ಇದ್ದನಂತೆ. ಅವಳು ಬಂದು ಮಂಚದ ಪಕ್ಕ ಕೂತಾಗ ಅವನಿಗೆ ಮಾತಾಡಲಾಗಲಿಲ್ಲ. ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದಿದ್ದ. ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಬಳೆಯೊಂದು ಒಡೆದು ಅವಳ ಮಣಿಕಟ್ಟಿಗೆ ಚುಚ್ಚಿತ್ತು. ಹಂಸ ಬಂದು ಇಂಜೆಕ್ಷನ್ ಕೊಟ್ಟ ಹದಿನೈದು ನಿಮಿಷಕ್ಕೆ ಮುಖದ ಗಂಟು ಸಡಿಲಿತು. ನಿದ್ದೆ ಹೋದ. ಆ ನಿದ್ದೆಯಿಂದ ಅವನು ಮತ್ತೆ ಏಳಲಿಲ್ಲ. ಮರುದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಉಸಿರು ನಿಂತಿತು.

ಬೈಕನ್ನು ಶೆಡ್ಡಿಗೆ ತಂದು ಅಂಬಣ್ಣ ತಾನೇ ಬಿಚ್ಚಿದ. ಕ್ಲಚ್ ಪ್ಲೇಟುಗಳು ಸುಟ್ಟು ಕರಿ ಹಿಡಿದಿದ್ದವು. ಒಂದನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒರೆಸಿದ. ಆಯಿಲು ಇನ್ನೂ ಹೊಸದು, ಜೇನಿನ ಬಣ್ಣ ಪೂರ್ತಿ ಹೋಗಿರಲಿಲ್ಲ. ಫಹ್ಮಿದಾ ಹೇಳಿದ ಮಾತು ಒಂದೊಂದೂ ಕಿವಿಯಲ್ಲಿ ಕೇಳಿಸಿತು.

ಸಂಸ್ಥೆಯ ಮೇಲ್ವಿಚಾರಕ ಮಧುಕರ್ ಬಂದು ನೋಡಿದರು. "ಹಳೇ ಗಾಡಿ ಅಂಬಣ್ಣ, ಇಷ್ಟು ದಿನ ಓಡಿದ್ದೇ ಹೆಚ್ಚು," ಎಂದರು. ಅವರ ಹಿಂದೆ ನಿಂತಿದ್ದ ಹಂಸಳ ಕಣ್ಣು ಊದಿಕೊಂಡಿತ್ತು. "ಇಲ್ಲ ಸರ್, ತಪ್ಪು ನಂದು. ಅರ್ಧ ಕ್ಲಚ್ ಹಿಡೀಬೇಡ ಅಂತ ಅಣ್ಣ ಹೇಳಿದ್ರು. ನಾನೇ ಸುಟ್ಟುಹಾಕಿದೆ."

ಅಂಬಣ್ಣ ಕೈಯಲ್ಲಿದ್ದ ಪ್ಲೇಟನ್ನು ನೆಲಕ್ಕಿಟ್ಟ. ಬಗ್ಗಿ ನಟ್ಟು ಬೋಲ್ಟುಗಳನ್ನು ಆರಿಸತೊಡಗಿದ.

ಹೀಗೇ ಐದಾರು ದಿನ ಕಳೆಯಿತು. ರಾಮಮೂರ್ತಿ ನಗರದ ಅವನ ಬಾಡಿಗೆ ಕೋಣೆಯಲ್ಲಿ ಒಂದು ಸಂಜೆ ಹೆಂಡತಿ ಬಾಲಮ್ಮ ರೊಟ್ಟಿ ತಟ್ಟುತ್ತಿದ್ದಳು. ತಟ್ಟೆಯ ಮುಂದೆ ಕೂತು ಅವನು ಒಂದು ತುತ್ತನ್ನೂ ಮುಟ್ಟಲಿಲ್ಲ.

"ಯಾಕ ಉಣವಲ್ರಿ?"

ಅವನು ಎಲ್ಲವನ್ನೂ ಹೇಳಿದ. ಅಂಗಡಿಯ ಹುಡುಗಿ ಹೇಳಿದ್ದು, ತಾನು ನಕ್ಕದ್ದು, ಅರ್ಧ ಕ್ಲಚ್ಚಿನ ಮಾತು, ಟವೆಲ್ಲು ಕಚ್ಚಿದ ಮುದುಕ. ಬಾಲಮ್ಮ ಒಲೆ ಆರಿಸಿದಳು.

"ಯಾರಿಗೂ ಗೊತ್ತಿಲ್ಲ," ಎಂದ ಅಂಬಣ್ಣ. "ಬೈಕು ಹಳೇದು ಅಂತ ಎಲ್ಲಾರೂ ಒಪ್ಪ್ಯಾರ."

"ಆ ಹುಡುಗಿ ಒಪ್ಪಿಲ್ಲಲ್ರಿ. ತನ್ನ ತಪ್ಪು ಅಂತ ತಲಿಮ್ಯಾಲ ಹೊತ್ಕೊಂಡು ಅಡ್ಡಾಡಾಕತ್ಯಾಳ. ಅದು ಆಕೀದಲ್ಲ, ನಿಮ್ಮದು. ನಿಮ್ಮದನ್ನ ನೀವು ಇಸ್ಕೊಂಡು ಬರ್ರಿ."

ಮರುದಿನ ಬೆಳಿಗ್ಗೆ ಹಂಸ ಡ್ಯೂಟಿಗೆ ಬರುವುದನ್ನೇ ಕಾದು ನಿಂತ ಅಂಬಣ್ಣ, ಅವಳು ಬ್ಯಾಗು ಇಡುವ ಮೊದಲೇ ಹೇಳಿಬಿಟ್ಟ. ನಿಂತಲ್ಲೇ ಹೇಳಿದ, ಒಂದನ್ನೂ ಮರೆಮಾಚಲಿಲ್ಲ.

ಹಂಸ ಅವನನ್ನೇ ನೋಡಿದಳು. "ಅಂಗಡಿಯವರು ಹೇಳಿದ್ರಾ ನಿಮಗೆ? ಬೈಕಿಗೆ ಹಾಕ್ಬೇಡಿ ಅಂತ?"

"ಹೇಳಿದ್ದಳು."

"ನಾನೂ ಹೇಳಿದೆ, ಎಳೀತಿಲ್ಲ ಅಂತ."

"ಹೇಳಿದ್ದಿ."

"ಒಂದು ವಾರದಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ ಅಣ್ಣ. ಕಣ್ಣು ಮುಚ್ಚಿದ್ರೆ ನನ್ನ ಎಡಗೈ ಕ್ಲಚ್ ಹಿಡ್ಕೊಂಡಿರೋ ಹಾಗೇ ಅನ್ಸುತ್ತೆ. ನೀವು ದಿನಾ ನನ್ನ ಮುಖ ನೋಡ್ತಾ ಇದ್ರಿ." ಅವಳ ದನಿ ಏರಲಿಲ್ಲ. ಅದನ್ನೇ ಅವನಿಗೆ ತಾಳಲಾಗಲಿಲ್ಲ. ಅವಳು ಬ್ಯಾಗು ತೆಗೆದುಕೊಂಡು ಸ್ಕೂಟರು ಹತ್ತಿ ಹೊರಟುಹೋದಳು. ಮೂರು ದಿನ ಅವನ ಹತ್ತಿರ ಮಾತಾಡಲಿಲ್ಲ.

ಮಧುಕರ್‌ಗೂ ಅಂಬಣ್ಣ ಹೇಳಿದ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದ, ತೆಗೆಯಲಿಲ್ಲ. ಆದರೆ ಇನ್ನು ಮುಂದೆ ಗಾಡಿಗೆ ಏನೇ ಹಾಕುವುದಿದ್ದರೂ ಬರೆದು ತೋರಿಸಿ ಹಾಕಬೇಕು ಎಂದರು. "ಆ ಮನೆಯವರಿಗೂ ಹೇಳ್ಬೇಕ್ರಿ," ಎಂದು ಇವನು ಹೇಳಿದಾಗ ಮಾತ್ರ ಬೇಡವೆಂದರು. "ಹೇಳಿ ಏನು ಬಂತು ಅಂಬಣ್ಣ? ಅವರ ದುಃಖಕ್ಕೆ ಇನ್ನೊಂದು ಸೇರಿಸ್ತೀರ ಅಷ್ಟೇ."

ಅದಕ್ಕೂ ಮೊದಲು ಅಂಬಣ್ಣ ಮಾಡಬೇಕಾದ ಕೆಲಸವೊಂದಿತ್ತು. ಐದೂ ಗಾಡಿಗಳ ಪುಸ್ತಕಗಳನ್ನು ಹುಡುಕಿ, ಚೀಲದಲ್ಲಿ ಹಾಕಿಕೊಂಡು ಶಿವಾಜಿನಗರಕ್ಕೆ ಹೋದ. ಅಂಗಡಿಯ ಮುಂದೆ ಅವತ್ತೂ ಜನರಿದ್ದರು. ಅವರ ಎದುರೇ ಹೇಳಿದ: "ಬೇಟಿ, ಅವತ್ತು ನೀ ಹೇಳಿದ್ದು ಖರೆ. ನಾ ಕೇಳಲಿಲ್ಲ. ಒಬ್ಬ ಮನುಷ್ಯಾಗ ಭಾಳ ನೋವಾತು. ಈಗ ಹೇಳಿಕೊಡು, ಕಲೀತೀನಿ."

ಫಹ್ಮಿದಾ ಏನಾಯಿತೆಂದು ಕೇಳಿದಳು. ಕೇಳಿದ ಮೇಲೆ ದುಪಟ್ಟಾದ ತುದಿಯಿಂದ ಬಾಯಿ ಮುಚ್ಚಿಕೊಂಡು "ಯಾ ಅಲ್ಲಾ," ಎಂದಳು. ಒಂದು ಸ್ಟೂಲು ಎಳೆದು ಅವನನ್ನು ಕೂರಿಸಿ, ಪುಸ್ತಕಗಳನ್ನು ಒಂದೊಂದಾಗಿ ತೆರೆದು ನೋಡಿದಳು.

"ನೀವು ದೊಡ್ಡ ಗಾಡಿಯಿಂದ ಶುರು ಮಾಡಿದ್ರಿ ಅಂಕಲ್. ಜಾಸ್ತಿ ತಕರಾರು ಮಾಡೋ ಗಾಡಿ ಯಾವುದೋ ಅದ್ರಿಂದ ಶುರು ಮಾಡ್ಬೇಕು. ಇಲ್ಲಿ ಅದು ಬೈಕು. ಬೈಕಿಗೆ ಆಗೋ ಈ ಆಯಿಲು ನಿಮ್ಮ ಎರಡು ಸ್ಕೂಟರಿಗೂ ನಡಿಯುತ್ತೆ, ಹಳೇ ವ್ಯಾನಿಗೂ ನಡಿಯುತ್ತೆ. ಅದ್ರ ಪುಸ್ತಕದಲ್ಲಿ ಇದೇ ದಪ್ಪದ್ದು ಬರ್ದಿದಾರೆ. ಹೊಸ ವ್ಯಾನಿಗೆ ಮಾತ್ರ ತೆಳ್ಳಗಿಂದೇ ಬೇಕು. ಅದನ್ನ ಬೇರೆ ಇಡಿ."

"ಅಂದ್ರ ಒಂದೇ ಆಗಂಗಿಲ್ಲ?"

"ಆಗಲ್ಲ. ಎರಡು."

ಕ್ಯಾನಿನ ಹಿಂಬದಿಯಲ್ಲಿ ಸಣ್ಣ ಚೌಕದೊಳಗಿದ್ದ ಎರಡು ಅಕ್ಷರಗಳನ್ನು ಅವಳು ಬೆರಳಿಟ್ಟು ತೋರಿಸಿದಳು. "ಎಂ, ಎ. ಇದಿದ್ರೆ ಮಾತ್ರ ಬೈಕಿಗೆ." ಅಂಬಣ್ಣ ಅಂಗಡಿಯ ಬಿಲ್ಲಿನ ಹಿಂದೆ ಆ ಎರಡು ಅಕ್ಷರಗಳನ್ನು ನಾಲ್ಕೈದು ಸಲ ಬರೆದು ನೋಡಿದ. ಶೆಡ್ಡಿಗೆ ಬಂದು ಬೈಕಿಗೆ ಹೊಸ ಪ್ಲೇಟು ಕೂಡಿಸಿ, ಜಾರುವ ಆಯಿಲಿನ ಒಂದು ಹನಿಯೂ ಉಳಿಯದಂತೆ ತೊಳೆದು, ಸರಿಯಾದದ್ದನ್ನು ತುಂಬಿ, ತೂಗುಸೇತುವೆಯ ಏರನ್ನು ತಾನೇ ಮೂರು ಸಲ ಹತ್ತಿ ಇಳಿದ. ಕ್ಯಾನುಗಳ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಗಾಡಿಗಳ ಹೆಸರು ಬರೆದು ಅಂಟಿಸಿದ.

ತಿಥಿ ಕಳೆದ ಮೇಲೆ ಆ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವುದು ಸಂಸ್ಥೆಯ ಪದ್ಧತಿ. ಹಂಸ ಹೊರಟು ನಿಂತಿದ್ದಳು. ವ್ಯಾನು ಬೇಕಿತ್ತು, ಏಕೆಂದರೆ ಮಲಗಿದವರ ಬೆನ್ನಿಗೆ ಹುಣ್ಣಾಗದಿರಲೆಂದು ಕೊಟ್ಟಿದ್ದ ಗಾಳಿಹಾಸಿಗೆಯನ್ನು ವಾಪಸು ತರಬೇಕಿತ್ತು. ಮನೆಯ ಮುಂದೆ ವ್ಯಾನು ನಿಲ್ಲಿಸಿ ಅಂಬಣ್ಣ, "ನಾನೂ ಒಳಗ ಬರ್ತೀನಿ ಹಂಸವ್ವ," ಎಂದ.

ಹಂಸ ವ್ಯಾನಿನ ಬಾಗಿಲು ತೆರೆದಳು. "ಬನ್ನಿ. ಮಧುಕರ್ ಸರ್‌ಗೆ ನಾನು ಹೇಳ್ಕೋತೀನಿ."

ಅಕ್ಕಯಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಸುಕನ್ಯ ಒಳಗಿನಿಂದ ನೀರು ತಂದಳು. ಅವಳ ಮಣಿಕಟ್ಟಿನ ಮೇಲೆ ಗಾಯ ಒಣಗಿ ಕಪ್ಪು ಗೆರೆಯಾಗಿತ್ತು. ಅಂಬಣ್ಣ ನೀರು ಮುಟ್ಟಲಿಲ್ಲ. ನೆಲದ ಮೇಲೆ ಕೂತು ಹೇಳಿದ.

"ಅವತ್ತು ಸಿಸ್ಟರ್ ತಡ ಮಾಡಿದ್ದಲ್ಲ ತಾಯಿ. ಬೈಕಿಗೆ ನಾ ತಪ್ಪು ಆಯಿಲ್ ಹಾಕಿದ್ದೆ. ಹಾಕಬ್ಯಾಡ ಅಂತ ಗೊತ್ತಿದ್ದವರು ಹೇಳಿದ್ರು. ನಾ ಕೇಳಲಿಲ್ಲ. ಅದ್ರಿಂದ ಸೇತುವೆ ಮ್ಯಾಲ ಗಾಡಿ ನಿಂತು ಯಜಮಾನ್ರಿಗೆ ಅಷ್ಟು ನೋವಾತು. ನಿಮಗ ಹೇಳದೆ ಇರಾಕ ನನ್ನಿಂದ ಆಗಲಿಲ್ಲ."

ಸುಕನ್ಯ ಲೋಟವನ್ನು ಕೆಳಗಿಟ್ಟಳು. "ನನ್ನ ಕೈ ಹಿಡ್ಕೊಂಡು ಏನೋ ಹೇಳ್ಬೇಕು ಅಂತಿದ್ರು ಅಪ್ಪ," ಎಂದಳು. "ಎರಡು ಸಲ ಬಾಯಿ ತೆಗೆದ್ರು. ಆಗ್ಲಿಲ್ಲ. ಏನು ಹೇಳ್ಬೇಕು ಅಂತಿದ್ರೋ ನಂಗೆ ಇನ್ನು ಗೊತ್ತಾಗಲ್ಲ." ಎದ್ದು ಒಳಗೆ ಹೋದಳು. ಒಳಗಿನಿಂದ ಅಳುವಿನ ಸದ್ದು ಬರಲಿಲ್ಲ, ನಲ್ಲಿ ತಿರುಗಿಸಿದ ಸದ್ದು ಬಂತು.

ಅಕ್ಕಯಮ್ಮ ಬಹಳ ಹೊತ್ತು ಅಂಬಣ್ಣನ ಕೈಗಳನ್ನೇ ನೋಡುತ್ತಿದ್ದಳು. ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಕಪ್ಪು.

"ಈಗ ಸರಿಯಾದ್ದು ಹಾಕಿದ್ದೀಯೇನಪ್ಪ?" ಎಂದು ಕೇಳಿದಳು.

"ಹಾಕೀನಿ ತಾಯಿ."

"ಆ ಗಾಡಿ ಇವತ್ತು ಯಾರ ಮನೆಗೆ ಓಗೈತೆ?"

ಉತ್ತರ ಹಂಸ ಕೊಟ್ಟಳು. ಹೊಸದಾಗಿ ಸೇರಿದ ನರ್ಸೊಬ್ಬಳಿಗೆ ಬೈಕು ಓಡಿಸಲು ಬರುತ್ತದೆ, ಅವಳು ಹೊರಮಾವಿನ ಕಡೆ ಒಬ್ಬ ಹೆಂಗಸಿನ ಮನೆಗೆ ಹೋಗಿದ್ದಾಳೆ, ಬೆಳಿಗ್ಗೆ ಹತ್ತಕ್ಕೇ ತಲುಪಿದ್ದಾಳೆ ಎಂದಳು.

"ತಲುಪೈತಲ್ಲ, ಸರಿ," ಎಂದಳು ಅಕ್ಕಯಮ್ಮ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಅಂಬಣ್ಣನೂ ಕೇಳಲಿಲ್ಲ. "ನೀರ್ ಕುಡಿ. ನೀರಿನ ಮೇಲೆ ಯಾಕೆ ಮುನಿಸು," ಎಂದು ಲೋಟವನ್ನು ಅವನ ಕಡೆ ಸರಿಸಿದಳು. ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದ.

ಗಾಳಿಹಾಸಿಗೆ ಒಳಕೋಣೆಯ ಮಂಚದ ಮೇಲೆಯೇ ಇತ್ತು. ಅದರಲ್ಲಿ ಇನ್ನೂ ಗಾಳಿಯಿತ್ತು. ಅಂಬಣ್ಣ ಮುಚ್ಚಳ ತೆಗೆದು, ಮೆಲ್ಲಗೆ ಒತ್ತಿ ಗಾಳಿ ಬಿಡತೊಡಗಿದ. ಒಬ್ಬನಿಗೆ ಅದು ಮಡಚಲು ಬಗ್ಗಲಿಲ್ಲ. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಉಬ್ಬುತ್ತಿತ್ತು. ಸುಕನ್ಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಮೇಲೆ ಒಳಗೆ ಬಂದು ಇನ್ನೊಂದು ಅಂಚನ್ನು ಹಿಡಿದಳು.

"ನೀವು ಬಂದು ಹೇಳದೇ ಇದ್ದಿದ್ರೇ ಚೆನ್ನಾಗಿತ್ತು ಅನ್ಸುತ್ತೆ," ಎಂದಳು, ಅವನ ಮುಖ ನೋಡದೆ. "ಹೇಳಿದ್ದೇ ಒಳ್ಳೇದಾಯ್ತು ಅಂತಾನೂ ಅನ್ಸುತ್ತೆ. ನಂಗೆ ಗೊತ್ತಾಗ್ತಿಲ್ಲ. ಆ ಕಡೆ ಮಂಡಿ ಇಟ್ಟು ಒತ್ತಿ."

ಅಂಬಣ್ಣ ಮಂಡಿಯೂರಿ ಒತ್ತಿದ. ಗಾಳಿ ಉಸ್ಸೆಂದು ಹೊರಬಿತ್ತು. ಇಬ್ಬರೂ ಸೇರಿ ಅದನ್ನು ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಎರಡು ಸಲ ಮಡಚಿ, ಹಗ್ಗ ಕಟ್ಟಿ, ವ್ಯಾನಿನವರೆಗೆ ಹೊತ್ತು ತಂದರು.